ಮೂರನೆಯ ತಗ್ಗು

"ಬಿಡು ಚಿಕ್ಕಮ್ಮ, ಹರಿದುಹೋಗುತ್ತೆ."

"ನೀನು ಬಿಡೇ ಮೊದ್ಲು."

ಹೊದಿಕೆಯ ಒಂದು ಅಂಚು ಸತ್ತವಳ ಮಗಳ ಕೈಯಲ್ಲಿತ್ತು, ಇನ್ನೊಂದು ಸತ್ತವಳ ತಂಗಿಯ ಕೈಯಲ್ಲಿ. ನಡುವೆ ಜೋತುಬಿದ್ದ ಉಣ್ಣೆಯ ಪಟ್ಟೆಗಳು, ಬೂದು, ನೀಲಿ, ಸಾಸಿವೆ ಹಳದಿ, ಮತ್ತೆ ನೀಲಿ, ಮತ್ತೆ ಬೂದು, ಎಳೆದಾಟಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿದ್ದವು. ಪ್ರತಿ ಪಟ್ಟೆಯೂ ಗರಗಸದ ಹಲ್ಲಿನಂತೆ ಏರಿ ಇಳಿದು ಏರಿ ಇಳಿದು ಅಂಚು ಸೇರುತ್ತಿತ್ತು. ತಂಗಿಯ ಕಡೆಯ ಅಂಚಿನ ಕುಣಿಕೆಗಳಲ್ಲಿ ಹೆಣಿಗೆಯ ಕಡ್ಡಿ ಇನ್ನೂ ತೂರಿಕೊಂಡೇ ಇತ್ತು. ತಂತಿಯಿಂದ ಒಂದಕ್ಕೊಂದು ಸೇರಿಸಿದ ಎರಡು ಮರದ ಕಡ್ಡಿಗಳವು. ಅಕ್ಕನ ಬೆರಳು ತಾಗಿ ತಾಗಿ ಕಡ್ಡಿಗಳಿಗೆ ಹೊಳಪು ಬಂದಿತ್ತು.

"ಅಮ್ಮಾನೇ ಹೇಳಿದ್ದು," ಮಗಳು ದನಿ ತಗ್ಗಿಸಿದಳು. ಹಜಾರದಲ್ಲಿ ಆಗಲೇ ಜನ ಸೇರಿದ್ದರು. "'ನನ್ನ ಕಳಿಸುವಾಗ ಇದನ್ನೇ ಹೊದಿಸಿ, ಬೇರೆ ಯಾವ್ದೂ ಬೇಡ' ಅಂತ. ಅಪ್ಪನ ಮುಂದೇನೇ ಹೇಳಿದ್ದು. ಬೇಕಾದ್ರೆ ಕೇಳು ಹೋಗು."

"ಇದು ಮುಗಿದೇ ಇಲ್ವಲ್ಲೇ."

"ಮುಗೀದಿದ್ರೆ ಏನಾಯ್ತು? ಕಡ್ಡಿ ಕಾಣದ ಹಾಗೆ ಮಡಚಿ ಹೊದಿಸೋಣ. ಯಾರು ನೋಡ್ತಾರೆ ಈವತ್ತು ಅದನ್ನೆಲ್ಲ?"

ಯಾರು ನೋಡುತ್ತಾರೆ! ಇನ್ನು ಸ್ವಲ್ಪ ಹೊತ್ತಿಗೆ ಉಣ್ಣೆ ಗಿರಣಿಯ ತಪಾಸಣೆ ಮೇಜಿನ ಹೆಂಗಸರು ಬರುವವರಿದ್ದರು. ಎದುರು ಬಂದವರ ಮುಖ ನೋಡುವ ಮೊದಲು ಮೈಮೇಲಿನ ಬಟ್ಟೆ ನೋಡುವ ಜಾತಿ ಅದು. ಅಕ್ಕನೂ ಅದೇ ಜಾತಿಯವಳೇ, ಆ ಜಾತಿಗೆಲ್ಲ ಹಿರಿಯವಳು. ಅವಳು ಒಂದು ಸಲ ಕಣ್ಣಾಡಿಸಿ ದಾಟಿಸಿದ ಕಂಬಳಿಯನ್ನು ಮತ್ತೆ ಯಾರೂ ಬೆಳಕಿಗೆ ಹಿಡಿದವರಿಲ್ಲ.

ಅಂಥವಳು ಕಡೆಯದಾಗಿ ಹೆಣೆದ ಹೊದಿಕೆಯ ನಟ್ಟನಡುವೆ ಒಂದು ತಪ್ಪಿತ್ತು. ಅದು ಅಕ್ಕನ ತಪ್ಪಲ್ಲ, ತಂಗಿಯದು. ತಂಗಿಗೆ ಮಾತ್ರ ಅದು ಗೊತ್ತಿತ್ತು. ಅಕ್ಕ ಅದನ್ನು ಹೊದ್ದು ಹೊರಡಬೇಕು, ಗಿರಣಿಯವರು ಒಂದು ಸಾರಿ ಬಗ್ಗಿ ನೋಡಿ, 'ಪಾಪ, ಕೊನೆಗೆ ಇವಳ ಕಣ್ಣೂ ಕೈಕೊಟ್ಟಿತು' ಎಂದು ಪಿಸುಗುಟ್ಟಬೇಕು. ಹಾಗಾಗಲು ತಂಗಿ ಬಿಡುವಂತಿರಲಿಲ್ಲ.

"ನಾನು ಮುಗಿಸಿ ಕೊಡ್ತೀನಿ," ಎಂದಳು. "ಗಾಡಿ ಬರೋದ್ರೊಳಗೆ."

ಮಗಳು ಅಂಚನ್ನು ಬಿಟ್ಟೇಬಿಟ್ಟಳು. "ನೀನಾ? ನೀನು ಕಡ್ಡಿ ಹಿಡಿದಿದ್ದನ್ನ ನಾನು ಹುಟ್ಟಿದ ಮೇಲೆ ನೋಡೇ ಇಲ್ಲ."

"ನೀನು ನೋಡದೆ ಇರೋದು ಬೇಕಾದಷ್ಟಿದೆ," ಎಂದು ತಂಗಿ ಹೊದಿಕೆಯನ್ನು ಸುತ್ತಿ ಕಂಕುಳಿಗೆ ಸೇರಿಸಿದಳು.

*

ಅಕ್ಕನನ್ನು ಗಿರಣಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಸೂಜಿಗಣ್ಣಿ ಎಂದು. ಅವಳ ಕೆಲಸ ಅಂಥದು. ಓರೆಯಾಗಿ ನಿಲ್ಲಿಸಿದ ಗಾಜಿನ ಮೇಜು, ಅದರ ಹಿಂದೆ ದೀಪ. ಮಗ್ಗದಿಂದ ಇಳಿದ ಕಂಬಳಿ ಗಾಜಿನ ಮೇಲೆ ನಿಧಾನವಾಗಿ ಜಾರಿ ಬರುತ್ತಿತ್ತು. ತುಂಡಾದ ಎಳೆ, ಸಡಿಲಾದ ಸಾಲು, ಗಂಟು, ಏನು ಕಂಡರೂ ಅಲ್ಲೊಂದು ಸೀಮೆಸುಣ್ಣದ ಸುತ್ತು ಹಾಕಬೇಕು. ಸುತ್ತು ಬಿದ್ದ ಕಂಬಳಿ ಹಿಂದಕ್ಕೆ ಹೋಗುತ್ತಿತ್ತು. ಮಗ್ಗದವರು ಅವಳನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ಅವಳ ಮದುವೆಯಲ್ಲಿ ಅವರೇ ಗಂಡನ ಕಿವಿಯಲ್ಲಿ, "ಹುಷಾರು ಮಾರಾಯ್ರೆ, ರಾತ್ರೋರಾತ್ರಿ ನಿಮಗೂ ಸುತ್ತು ಹಾಕಿ ವಾಪಸ್ ಕಳಿಸ್ಯಾಳು," ಎಂದು ಊದಿದ್ದರಂತೆ.

ಮನೆಗೆ ಬಂದರೂ ಅವಳ ಕೈ ಉಣ್ಣೆಯನ್ನು ಬಿಡುತ್ತಿರಲಿಲ್ಲ. ಗಿರಣಿಯಲ್ಲಿ ಉಳಿದ ನೂಲಿನ ತುಂಡು ಉಂಡೆಗಳನ್ನು ತಂದು ಅಂಕುಡೊಂಕಿನ ಹೊದಿಕೆ ಹೆಣೆಯುತ್ತಿದ್ದಳು. ಬೇರೆ ಯಾವ ವಿನ್ಯಾಸವನ್ನೂ ಅವಳು ಹಾಕಿದವಳಲ್ಲ. ಅದರ ಲೆಕ್ಕ ಸರಳ. ಪ್ರತಿ ಏರಿನ ತುದಿಯಲ್ಲಿ ಕುಣಿಕೆ ಹೆಚ್ಚಿಸಬೇಕು, ಪ್ರತಿ ತಗ್ಗಿನಲ್ಲಿ ಅಷ್ಟೇ ಕುಣಿಕೆಗಳನ್ನು ಪಕ್ಕದವುಗಳೊಂದಿಗೆ ಕೂಡಿಸಿ ಕಡಿಮೆ ಮಾಡಬೇಕು. ತುದಿಯಲ್ಲಿ ಕೊಟ್ಟದ್ದನ್ನು ತಗ್ಗಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದರಿಂದ ಹೊದಿಕೆಯ ಅಗಲ ಬದಲಾಗುವುದಿಲ್ಲ, ಸಾಲು ಮಾತ್ರ ಬಾಗುತ್ತದೆ. ಒಂದೇ ಒಂದು ಕಡೆ ಕೂಡಿಸುವುದನ್ನು ಮರೆತರೂ ಒಂದು ಕುಣಿಕೆ ಹೆಚ್ಚಾಗಿ, ಅಲ್ಲಿಂದ ಮೇಲೆ ಏರು ತನ್ನ ಜಾಗ ಬಿಟ್ಟು ಸರಿಯತೊಡಗುತ್ತದೆ.

ತಂಗಿಗೆ ಇದೆಲ್ಲ ಬಾಯಿಪಾಠವಾಗಿತ್ತು, ಆದರೆ ಕೂರಲು ಬರುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅವಳು. ಹೆಣೆಯುತ್ತ ಹೆಣೆಯುತ್ತ ಎದ್ದು ಕಿಟಕಿಗೆ ಹೋಗುವಳು, ಬಾಗಿಲಿಗೆ ಹೋಗುವಳು, ಬೀದಿಯಲ್ಲಿ ಯಾರೋ ಕೂಗಿದರೆ ಕಡ್ಡಿ ಹಿಡಿದೇ ಇಳಿದು ಓಡುವಳು. ಸಂಜೆ ಅಕ್ಕ ಅವಳ ಹೆಣಿಗೆಯನ್ನು ಮಂಡಿಯ ಮೇಲೆ ಹರವಿ ಬೆರಳಾಡಿಸುತ್ತಿದ್ದಳು. ಬೆರಳು ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ಆಮೇಲೆ ಮಾತಿಲ್ಲ, ಕತೆಯಿಲ್ಲ. ಕಡ್ಡಿ ಹೊರಗೆ ಬರುತ್ತಿತ್ತು, ನೂಲು ಸರಸರನೆ ಬಿಚ್ಚಿಕೊಳ್ಳುತ್ತಿತ್ತು.

"ತಪ್ಪಿನ ಮೇಲೆ ಒಂದು ಸಾಲೂ ಕೂರಬಾರದು ಕಣೇ."

"ಒಂದೇ ಒಂದು ಕುಣಿಕೆ ಅಕ್ಕ! ಮುಂದಿನ ಸಾಲಲ್ಲಿ ಸರಿ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ."

ಅಕ್ಕ ಬಸುರಿಯಾದಾಗ ತಂಗಿ ಹಟ ಹಿಡಿದು ಕೂತು ಮಗುವಿಗೊಂದು ಪುಟ್ಟ ಹೊದಿಕೆ ಹೆಣೆದಳು. ಆ ತಿಂಗಳುಗಳಲ್ಲಿ ಅವಳು ಕೂತಷ್ಟು ಮುಂದೆ ಎಂದೂ ಕೂರಲಿಲ್ಲ. ಕಡೆಯ ಸಾಲಿಗೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಅಕ್ಕ ಅದನ್ನು ಕೈಗೆ ತೆಗೆದುಕೊಂಡಳು. ಬೆರಳು ತೀರಾ ಕೆಳಗೆ, ಆರಂಭದಲ್ಲೇ ಎಲ್ಲೋ ನಿಂತಿತು. ಅಕ್ಕ ನಗುನಗುತ್ತಲೇ ಎಲ್ಲವನ್ನೂ ಬಿಚ್ಚಿ, ನೂಲನ್ನು ದುಂಡಗೆ ಸುತ್ತಿ, "ಹೂಂ, ಮತ್ತೆ ಹಾಕು," ಎಂದು ಉಂಡೆಯನ್ನು ಅವಳ ಮಡಿಲಿಗೆ ಇಟ್ಟಳು.

ತಂಗಿ ಮತ್ತೆ ಹಾಕಲಿಲ್ಲ. ಕಡ್ಡಿಯನ್ನು ಮುಟ್ಟಲೂ ಇಲ್ಲ. ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಸೇರಿ, ನಿವೃತ್ತಿಯಾಗುವ ತನಕ ನಿಂತೇ ದುಡಿದಳು. ಅಕ್ಕನ ಮೇಲೆ ಸಿಟ್ಟೇನೂ ಇರಲಿಲ್ಲ. ವಾರಕ್ಕೊಮ್ಮೆ ಬಂದೇ ಬರುತ್ತಿದ್ದಳು. ಬಂದವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತುಕೊಂಡೇ ಮಾತಾಡುತ್ತಿದ್ದಳು.

"ಕೂತ್ಕೊಳ್ಳೇ, ನೋಡೋರಿಗೆ ಕಾಲು ನೋಯುತ್ತೆ."

"ನಂಗೆ ನಿಂತೇ ಅಭ್ಯಾಸ ಬಿಡು."

ಪ್ರತಿ ಸಲವೂ ಇದೇ ಮಾತು, ಇದೇ ಉತ್ತರ.

*

ಹಜಾರದಲ್ಲಿ ಅಕ್ಕನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದ್ದರು. ಮೇಲೆ ಅಂಗಡಿಯಿಂದ ತಂದ ಬಿಳಿ ಬಟ್ಟೆ. ಅಕ್ಕ ದಿನಾ ಕೂತು ಹೆಣೆಯುತ್ತಿದ್ದ ಬೆತ್ತದ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಜನ ಅದರ ಸುತ್ತ ಬಳಸಿಕೊಂಡು ಓಡಾಡುತ್ತಿದ್ದರು.

"ಅವಳ ಕನ್ನಡಕ ಎಲ್ಲಿ?" ಭಾವ ಮತ್ತೆ ಕೇಳಿದರು. ಕಿವಿ ಮಂದವಾಗಿದ್ದರಿಂದ ಅವರದು ಯಾವಾಗಲೂ ದೊಡ್ಡ ದನಿ. "ಕನ್ನಡಕ ಇಲ್ದೆ ಅವಳಿಗೇನೂ ಕಾಣಲ್ಲಮ್ಮ."

"ನಿಮ್ಮ ಜೇಬಲ್ಲೇ ಇದೆ ಅಪ್ಪ," ಮಗಳು ಅವರ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ಮುಟ್ಟಿ ನೋಡಿಕೊಂಡು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಜೇಬು ಮುಟ್ಟಿ ನೋಡಿಕೊಂಡರು.

ಎದುರಿನ ಬೇಕರಿಯವನು ಬಾಗಿಲ ಬಳಿ ಯಾರಿಗೋ ಹೇಳುತ್ತಿದ್ದ: "ನಮ್ಮನೇಲೂ ಇದೆ ಅವರು ಕೊಟ್ಟ ಹೊದಿಕೆ. ಮಗೂಗೆ ಅಂತ ಕೊಟ್ರು, ನಮ್ ಬೆಕ್ಕು ಅದರ ಮೇಲೆ ಮಲಗಿದ್ದು ಏಳಲೇ ಇಲ್ಲ. ಒಂದಿನ ಬಂದವರು ನೋಡಿಬಿಟ್ರು. ಬಯ್ತಾರೆ ಅಂದ್ಕೊಂಡೆ. ಮಗೂಗೆ ಅಂತ ಇನ್ನೊಂದು ತಂದುಕೊಟ್ರು."

"ಈಗ?"

"ಈಗ ಎರಡೂ ಬೆಕ್ಕಿಗೇ."

ನಾಲ್ಕು ಜನ ನಗು ನುಂಗಿಕೊಂಡರು. ತಂಗಿ ಮಾತ್ರ ಅಡುಗೆಮನೆಗೂ ಹಜಾರಕ್ಕೂ ನಡುವೆ ಶತಪಥ ಹಾಕುತ್ತಿದ್ದಳು. ಎಲ್ಲಿ ನಿಂತರೂ ಯಾರೋ ಒಬ್ಬರು ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಕಂಕುಳಲ್ಲಿ ಗಂಟು ಇಟ್ಟುಕೊಂಡು ದುಃಖ ಕೇಳಿಸಿಕೊಳ್ಳುವುದು ಅವಳಿಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಗಿರಣಿಯವರು ಬಂದರು. ಮುಂದೆ ಮೇಸ್ತ್ರಮ್ಮ, ತಪಾಸಣೆ ಮೇಜಿನ ಮೇಲ್ವಿಚಾರಣೆ ಮಾಡುತ್ತಿದ್ದ ದೊಡ್ಡ ಮೈಯ ಹೆಂಗಸು. ಹಿಂದೆ ಅಕ್ಕನ ಪಕ್ಕದ ಮೇಜಿನಲ್ಲಿ ನಿಲ್ಲುತ್ತಿದ್ದ ಸೋಡಾಬುಡ್ಡಿ. ಕನ್ನಡಕದ ಗಾಜಿನ ದಪ್ಪ ನೋಡಿ ಇಟ್ಟ ಹೆಸರದು. ಈಗ ಅವಳು ತನ್ನ ಬಗ್ಗೆ ಹೇಳುವಾಗಲೂ ಅದೇ ಹೆಸರು ಹೇಳುತ್ತಿದ್ದಳು. ಇಬ್ಬರೂ ಮಂಚದ ಬಳಿ ಕೈಕಟ್ಟಿ ನಿಂತರು. ಮೇಸ್ತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಡಾಬುಡ್ಡಿಯ ಬೆರಳುಗಳು ಮಾತ್ರ ತಾವಾಗಿ ಹೋಗಿ ಬಿಳಿ ಬಟ್ಟೆಯ ಅಂಚನ್ನು ತಿಕ್ಕಿ ನೋಡಿದವು.

"ಥೂ. ಜಾಳುಜಾಳು," ಎಂದಳು. "ಇದನ್ನ ಹೊದಿಸಿದ್ರೆ ಎದ್ದು ಕೂತು ಸುತ್ತು ಹಾಕ್ತಾಳೆ. ಅವಳ ಕೈಯಿಂದು ಎಲ್ಲಮ್ಮ?"

"ಚಿಕ್ಕಮ್ಮ ಮುಗಿಸ್ತಿದ್ದಾರೆ," ಎಂದಳು ಮಗಳು.

"ಕಂಡಕ್ಟ್ರಮ್ಮನಾ?" ಇಬ್ಬರೂ ಒಟ್ಟಿಗೆ ತಿರುಗಿದರು. "ಎಲ್ಲಿ, ತಾ ಇಲ್ಲಿ, ನೋಡೋಣ."

"ಆಮೇಲೆ," ತಂಗಿ ಗಂಟನ್ನು ಇನ್ನೂ ಒತ್ತಿ ಹಿಡಿದಳು. "ಮುಗಿಸಿ ತೋರಿಸ್ತೀನಿ."

"ಕೊನೇವರೆಗೂ ಕಣ್ಣು ಚೆನ್ನಾಗಿತ್ತಾ ಅವಳಿಗೆ?" ಮೇಸ್ತ್ರಮ್ಮ ಮಗಳನ್ನು ಕೇಳಿದಳು.

ಮಗಳು ತಂದೆಯ ಕಡೆ ನೋಡಿ ದನಿ ಇಳಿಸಿದಳು. "ಕಣ್ಣಿಗಿಂತ... ಏನು ಹೇಳಲಿ. ಆಸ್ಪತ್ರೆಯಿಂದ ಬಂದ ಮೇಲೆ ಹೆಣೀತಾ ಹೆಣೀತಾ ಒಬ್ಬೊಬ್ರೇ ನಗ್ತಿದ್ರು. ಯಾಕಮ್ಮ ಅಂದ್ರೆ ಏನೂ ಇಲ್ಲ ಅಂತಿದ್ರು. ಡಾಕ್ಟರನ್ನ ಕೇಳಿದೆ. ವಯಸ್ಸಾಯ್ತಲ್ಲ, ಹಾಗೆಲ್ಲ ಆಗುತ್ತೆ ಅಂದ್ರು."

ಸೋಡಾಬುಡ್ಡಿ ನಾಲಿಗೆ ಲೊಚಗುಟ್ಟಿದಳು. ತಂಗಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂಬಾಗಿಲಿನಿಂದ ಹೊರಬಿದ್ದು, ಮಹಡಿಯ ಮೆಟ್ಟಿಲುಗಳನ್ನು ಬಿರಬಿರನೆ ಹತ್ತಿದಳು.

*

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದು ಇದೇ ವರ್ಷ. ಭಾವನಿಗೆ ಊಟ ಕೊಡುವುದಕ್ಕೆ ತಂಗಿ ಮನೆಗೂ ಆಸ್ಪತ್ರೆಗೂ ಓಡಾಡುತ್ತಿದ್ದಳು. ಆಸ್ಪತ್ರೆಯ ಬೆಂಚುಗಳ ಮೇಲೆ ಕೂರಲು ಬಿಡುತ್ತಿದ್ದರು, ಓಡಾಡಲು ಬಿಡುತ್ತಿರಲಿಲ್ಲ. ನರ್ಸ್ ಗದರಿಸಿದ್ದಳು: "ಅಮ್ಮಾ, ನೀವು ಒಂದು ಕಡೆ ಕೂತ್ಕೊಳ್ತೀರೋ, ಇಲ್ಲ ನಿಮ್ಮನ್ನೂ ಒಂದು ಮಂಚಕ್ಕೆ ಹಾಕ್ಲೋ?"

ಒಂದು ಮಧ್ಯಾಹ್ನ ಭಾವ ಉಂಡು ಮಲಗಿದ ಮೇಲೆ ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಬೆತ್ತದ ಕುರ್ಚಿಯ ಮೇಲೆ ಅರ್ಧ ಹೆಣೆದ ಹೊದಿಕೆ ಇತ್ತು. ಅಕ್ಕ ಒಂದು ಬೂದು ಪಟ್ಟೆ, ಅದರ ಮೇಲೊಂದು ನೀಲಿ ಪಟ್ಟೆ ಮುಗಿಸಿ, ಸಾಸಿವೆ ಹಳದಿಯ ಉಂಡೆಯನ್ನು ಪಕ್ಕದಲ್ಲಿ ತೆಗೆದಿಟ್ಟು ಹೋಗಿದ್ದಳು. ಹೊದಿಕೆಯನ್ನು ಎತ್ತಿ ಪಕ್ಕಕ್ಕಿಡಲು ಹೋದ ತಂಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಡ್ಡಿ ಕೈಗೆ ಬಂತು. ಕೈಗೆ ಎಲ್ಲವೂ ನೆನಪಿತ್ತು. ಎಷ್ಟೋ ವರ್ಷ ಒಂದು ಸಲವೂ ನೆನೆಸಿಕೊಳ್ಳದ ಕೆಲಸ, ಬೆರಳುಗಳು ಮಾತ್ರ ನಿನ್ನೆ ಬಿಟ್ಟಲ್ಲಿಂದಲೇ ಎತ್ತಿಕೊಂಡಂತೆ ಓಡಿದವು. ತುದಿಯಲ್ಲಿ ಹೆಚ್ಚಿಸು, ತಗ್ಗಿನಲ್ಲಿ ಕೂಡಿಸು. ಅವಳು ಎದ್ದು ಕಿಟಕಿಗೆ ಹೋಗಲಿಲ್ಲ. ಬೀದಿಯಲ್ಲಿ ಯಾರೋ ಕೂಗಿದ್ದೂ ಕೇಳಿಸಲಿಲ್ಲ. ಭಾವ ನಿದ್ದೆಯಿಂದೆದ್ದು ಬರುವ ಹೊತ್ತಿಗೆ ಒಂದಿಡೀ ಹಳದಿ ಪಟ್ಟೆ ಮುಗಿದಿತ್ತು.

ಅಕ್ಕ ಮನೆಗೆ ಮರಳಿದ ದಿನ ತಂಗಿ ಬಾಗಿಲ ಚೌಕಟ್ಟಿನಲ್ಲೇ ನಿಂತಿದ್ದಳು. ಅಕ್ಕ ಕುರ್ಚಿಯಲ್ಲಿ ಕೂತು ಹೊದಿಕೆಯನ್ನು ಮಂಡಿಯ ಮೇಲೆ ಎಳೆದುಕೊಂಡಳು. ಆಗ, ಅಷ್ಟು ದೂರದಿಂದ, ತಂಗಿಗೆ ಕಾಣಿಸಿತು. ಹಳದಿ ಪಟ್ಟೆ, ಎಡದಿಂದ ಮೂರನೆಯ ತಗ್ಗು. ಅಲ್ಲಿ ಒಂದು ಕಡೆ ಕೂಡಿಸುವುದನ್ನು ಬಿಟ್ಟಿದ್ದಳು. ಒಂದು ಕುಣಿಕೆ ಹೆಚ್ಚಾಗಿ ತಗ್ಗಿನ ಬಾಯಿ ಸಣ್ಣಗೆ ತೆರೆದುಕೊಂಡಿತ್ತು.

ಅಕ್ಕನ ಬೆರಳು ಸಾಲಿನ ಮೇಲೆ ಹರಿಯಿತು. ಮೊದಲ ತಗ್ಗು, ಎರಡನೆಯದು, ಮೂರನೆಯದು, ಹಾಗೇ ಮುಂದಕ್ಕೆ.

"ಆ ಕಿಟಕಿ ತೆಗಿಯೇ," ಎಂದಳು. "ಬೆಳಕು ಸಾಲ್ದು."

ಅಷ್ಟೇ. ಬಿಚ್ಚಲಿಲ್ಲ. ಯಾರು ಹೆಣೆದಿದ್ದೆಂದು ಕೇಳಲೂ ಇಲ್ಲ. ಹೊಸ ಉಂಡೆ ತೆಗೆದು ಮುಂದಿನ ಸಾಲು ಶುರುಮಾಡಿದಳು.

ತಂಗಿ ಕಾದಳು. ಈವತ್ತು ಬಯ್ಯುತ್ತಾಳೆ, ನಾಳೆ ಬಯ್ಯುತ್ತಾಳೆ. ವಾರಕ್ಕೊಮ್ಮೆ ಬರುತ್ತಿದ್ದವಳು ದಿನ ಬಿಟ್ಟು ದಿನ ಬಂದಳು. ಅಕ್ಕ ಬೀದಿಯ ನಲ್ಲಿಯ ಬಗ್ಗೆ ಮಾತಾಡಿದಳು, ಭಾವನ ಕಿವಿಯ ಬಗ್ಗೆ ಮಾತಾಡಿದಳು, "ಕೂತ್ಕೊಳ್ಳೇ" ಎಂದಳು. ಹೆಣೆದದ್ದನ್ನೆಲ್ಲ ಸುರುಳಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದುದರಿಂದ ಮೇಲಿನ ಅಂಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೊನೆಗೊಂದು ದಿನ ತಂಗಿಗೆ ಖಾತ್ರಿಯಾಯಿತು, ಅಕ್ಕನಿಗೆ ಅದು ಕಂಡೇ ಇಲ್ಲ. ಸೂಜಿಗಣ್ಣಿಯ ಕಣ್ಣು ಹೋಯಿತು. ಆ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ, ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತು, ಯಾರಿಗೂ ಕಾಣದಂತೆ ಮುಖ ತಿರುಗಿಸಿಕೊಂಡು ಅತ್ತಳು. ಸಾವಿನ ದಿನ ಅವಳಿಗೆ ಅಷ್ಟು ಅಳು ಬಂದಿರಲಿಲ್ಲ.

*

ಮಹಡಿಯ ಮೇಲೆ ಒಗೆದ ಬಟ್ಟೆ ಒಣಗಿಸುವ ತಂತಿಗಳು, ಮೂಲೆಯಲ್ಲಿ ನೀರಿನ ತೊಟ್ಟಿ. ತಂಗಿ ತೊಟ್ಟಿಯ ಕಟ್ಟೆಯ ಮೇಲೆ ಹೊದಿಕೆಯನ್ನಿಟ್ಟು ಲೆಕ್ಕ ಹಾಕಿದಳು. ತನ್ನ ಪಟ್ಟೆಯ ತನಕ ಬಿಚ್ಚಿ, ಅದನ್ನೂ ಬಿಚ್ಚಿ, ಅದರ ಕೆಳಗೇ ಅಂಚು ಮುಚ್ಚಿಬಿಡುವುದು. ಹೊದಿಕೆ ಗಿಡ್ಡವಾಗುತ್ತದೆ, ಎದೆಯಿಂದ ಮಂಡಿಯವರೆಗೆ ಬಂದರೂ ಸಾಕು. ಉಳಿದದ್ದರಲ್ಲಿ ಒಂದೂ ತಪ್ಪಿರುವುದಿಲ್ಲ. ಅಕ್ಕನಾದರೂ ಹಾಗೇ ಮಾಡುತ್ತಿದ್ದಳು.

ಕಡ್ಡಿಯನ್ನು ಹೊರಗೆಳೆದಳು. ಕುಣಿಕೆಗಳೆಲ್ಲ ಬಾಯಿಬಿಟ್ಟು ನಿಂತವು. ನೂಲಿನ ತುದಿ ಹಿಡಿದು ಎಳೆದಳು. ಅದೇ ಸದ್ದು, ಸರಸರ. ಈಗ ಎಳೆಯುವವಳು ತಾನು, ಎದುರು ಕೂತು ತುಟಿ ಕಚ್ಚಿಕೊಳ್ಳಲು ಯಾರೂ ಇಲ್ಲ.

ಮೇಲಿನ ಬೂದು ಪಟ್ಟೆ ಸಾಲುಸಾಲಾಗಿ ಉಂಡೆಯಾಯಿತು. ಅದರ ಮೊದಲ ಸಾಲಿಗೆ ಬಂದಾಗ ಅವಳ ಹೆಬ್ಬೆರಳು ತಡೆಯಿತು. ಮೂರನೆಯ ತಗ್ಗು. ಇಲ್ಲೂ ಒಂದು ಕಡೆ ಕೂಡಿಸಿಲ್ಲ.

'ಅಕ್ಕನೂನಾ!' ಸರಿಯಾಗಿ ಅದೇ ಜಾಗದಲ್ಲಿ. ತನ್ನದು ನೋಡಿ ನೋಡಿ ಅವಳ ಕೈಯೂ ಕೆಟ್ಟಿತೇ? ಪಕ್ಕಕ್ಕೆ ಸರಿದು ನೋಡಿದಳು. ನಾಲ್ಕನೆಯ ತಗ್ಗಿನಲ್ಲಿ ಎರಡು ಕುಣಿಕೆ ಕೂಡಿಸುವ ಕಡೆ ಮೂರನ್ನು ಕೂಡಿಸಿದ್ದಳು. ಅಂದರೆ ಒಟ್ಟು ಕುಣಿಕೆಗಳಲ್ಲಿ ಒಂದೂ ಹೆಚ್ಚು ಕಡಿಮೆಯಿಲ್ಲ.

ಅವಸರದಿಂದ ನೀಲಿ ಪಟ್ಟೆಯನ್ನು ಎಳೆದಳು. ನೂಲು ಬೆರಳನ್ನು ಕೊಯ್ಯುತ್ತಿತ್ತು. ಪಟ್ಟೆಯುದ್ದಕ್ಕೂ ಎಲ್ಲವೂ ಸರಿಯಾಗಿತ್ತು, ಅಕ್ಕನ ಬಿಗಿಯಾದ, ಒಂದೇ ಅಳತೆಯ ಕುಣಿಕೆಗಳು. ಮೊದಲ ಸಾಲಿಗೆ ಬಂದಳು. ಮೂರನೆಯ ತಗ್ಗಿನಲ್ಲಿ ಒಂದು ಬಿಟ್ಟಿತ್ತು. ನಾಲ್ಕನೆಯದರಲ್ಲಿ ಮೂರು ಕೂಡಿತ್ತು.

ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಆ ಸಾಲೂ ಬಿಚ್ಚಿಕೊಂಡ ಮೇಲೆ ತಂಗಿ ನೂಲನ್ನು ಬಿಟ್ಟಳು. ಹೊದಿಕೆಯನ್ನು ಎತ್ತಿ, ಬಿಸಿಲು ಬಿದ್ದಿದ್ದ ನೆಲದ ಮೇಲೆ ಉದ್ದಕ್ಕೂ ಹರವಿದಳು. ಅದು ಪೂರ್ತಿ ಬಿಡಿಸಿಕೊಂಡಿದ್ದನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಕೆಳಗಿನ ಅರ್ಧ ಅಳತೆಪಟ್ಟಿ ಇಟ್ಟು ಎಳೆದಂತಿತ್ತು, ಒಂದರ ಮೇಲೊಂದು ಏರು, ಒಂದರ ಕೆಳಗೊಂದು ತಗ್ಗು. ನಡುವೆ ತನ್ನ ಹಳದಿ ಪಟ್ಟೆ, ಅಲ್ಲಲ್ಲಿ ಸಡಿಲ, ಅಲ್ಲಲ್ಲಿ ಬಿಗಿ, ನೋಡಿದರೇ ಗೊತ್ತಾಗುವಂತೆ ಬೇರೆ ಕೈ. ಅದರಿಂದ ಮೇಲಕ್ಕೆ ಮೂರನೆಯ ಮತ್ತು ನಾಲ್ಕನೆಯ ತಗ್ಗಿನ ನಡುವಿನ ಏರೊಂದೇ ವಾಲುತ್ತ ಹೋಗಿತ್ತು. ಬಣ್ಣ ಬದಲಾದಾಗಲೆಲ್ಲ ಒಂದೊಂದೇ ಕುಣಿಕೆಯಷ್ಟು ಪಕ್ಕಕ್ಕೆ. ಉಳಿದ ಏರುಗಳೆಲ್ಲ ನೆಟ್ಟಗೆ ನಿಂತಿದ್ದವು. ಕಡೆಯ ಬಸ್ಸಿನಲ್ಲಿ ನಿದ್ದೆಗೆ ಜಾರಿದವರ ತಲೆ ಗೊತ್ತಿಲ್ಲದೆ ಪಕ್ಕದವರ ಭುಜದ ಕಡೆ ಇಳಿಯುವುದನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಟಿಕೆಟ್ ಕೇಳಲು ಎಬ್ಬಿಸಬೇಕೋ ಬೇಡವೋ ಎಂದು ನಿಂತು ನೋಡಿದ್ದಳು. ಇದು ಹಾಗೇ ಇತ್ತು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಮಗಳು ಏದುಸಿರು ಬಿಡುತ್ತ ಬಂದಳು. "ಗಾಡಿ ಬಂತು ಚಿಕ್ಕಮ್ಮ, ಎಲ್ರೂ ಕಾಯ್ತಿದ್... ಅಯ್ಯೋ! ಬಿಚ್ಚಿಬಿಟ್ಯಾ?"

"ನಿಮ್ಮಮ್ಮ ನಗ್ತಿದ್ಲು ಅಂದ್ಯಲ್ಲ. ಯಾವಾಗ?"

"ಏನು?"

"ಹೆಣೀವಾಗ ಒಬ್ಬೊಬ್ಳೇ ನಗ್ತಿದ್ಲು ಅಂದ್ಯಲ್ಲ. ಯಾವ ಹೊತ್ತಲ್ಲಿ ನಗ್ತಿದ್ಲು, ಜ್ಞಾಪಿಸ್ಕೊಂಡು ಹೇಳು."

"ಇದೇನು ಕೇಳೋ ಹೊತ್ತಾ ಚಿಕ್ಕಮ್ಮ?" ಮಗಳಿಗೆ ಅಳು ಬರುವಂತಾಗಿತ್ತು. "ಯಾವ ಹೊತ್ತು ಅಂದ್ರೆ... ನೂಲು ಬದಲಾಯಿಸುವಾಗ. ಹೊಸ ಉಂಡೆ ತೆಗೆದು ಶುರುಮಾಡ್ತಿದ್ರಲ್ಲ, ಆಗ. ಅಪ್ಪ ಕೂಡ ಏನೇ ಅದು ಅಂತ ಕೇಳ್ತಿದ್ರು. ಯಾಕೆ?"

ತಂಗಿ ಮಂಡಿಯೂರಿ ಕೂತು, ಬಾಯಿಬಿಟ್ಟು ನಿಂತಿದ್ದ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸತೊಡಗಿದಳು. ಒಂದು ಜಾರಿತು, ಹಿಡಿದಳು.

"ಆ ನೀಲಿ ಉಂಡೆ ಕೊಡು," ಎಂದಳು. "ಹೊದಿಸೋಣ. ಇದನ್ನೇ ಹೊದಿಸೋಣ."

*

ಗಾಡಿಯಲ್ಲಿ ಅಕ್ಕನನ್ನು ನಡುವೆ ಮಲಗಿಸಿ, ಎರಡೂ ಬದಿಯ ಉದ್ದ ಬೆಂಚುಗಳ ಮೇಲೆ ಮನೆಯವರು ಕೂತರು. ಒಂದು ಕಡೆ ಮಗಳು, ಭಾವ. ಇನ್ನೊಂದು ಕಡೆ ಸೋಡಾಬುಡ್ಡಿ. ಮೇಸ್ತ್ರಮ್ಮ ತನ್ನ ಮೈಗೆ ಆ ಬೆಂಚು ಸಾಲದೆಂದು ಹಿಂದಿನ ಕಾರಿನಲ್ಲಿ ಬರುತ್ತಿದ್ದಳು. ಹೊದಿಕೆ ಪಾದದಿಂದ ಎದೆಯವರೆಗೆ ಬಂದಿತ್ತು. ಅದರ ಮೇಲಿನ ಅಂಚು ಅಕ್ಕನ ಎದೆಯನ್ನು ದಾಟಿ ಪಕ್ಕದ ಬೆಂಚಿನ ಮೇಲೆ, ತಂಗಿಯ ಮಡಿಲಲ್ಲಿತ್ತು. ಮಡಿಲಲ್ಲಿ ಎಂದರೆ, ಅವಳು ಕೂತಿದ್ದಳು.

"ನೀವು ಹಿಂಗೆ ಬಸ್ಸಲ್ಲಿ ಕೂತಿದ್ದು ನಾನು ನೋಡೇ ಇಲ್ವಲ್ಲಮ್ಮ," ಎಂದರು ಭಾವ, ಗಟ್ಟಿಯಾಗಿ. ಇದು ಬಸ್ಸಲ್ಲವೆಂದು ಯಾರೂ ಹೇಳಲಿಲ್ಲ.

ಗಾಡಿ ಹೊರಟಿತು. ತಂಗಿಯ ಕೈ ಓಡುತ್ತಿತ್ತು. ಅಕ್ಕನ ಕೈಯ ಹಳದಿಯ ಮೇಲೆ ನೀಲಿಯ ಮೊದಲ ಸಾಲು. ತುದಿಯಲ್ಲಿ ಹೆಚ್ಚಿಸಿದಳು, ತಗ್ಗಿನಲ್ಲಿ ಕೂಡಿಸಿದಳು. ಗಾಡಿ ಗುಂಡಿಗೆ ಇಳಿದಾಗ ಕಡ್ಡಿಯನ್ನು ಹಿಡಿದುಕೊಂಡು ಕಾದಳು. ಸೋಡಾಬುಡ್ಡಿ ಅಭ್ಯಾಸ ಬಲದಿಂದ ಅವಳ ಬೆರಳುಗಳನ್ನೇ ನೋಡುತ್ತಿದ್ದಳು.

"ಏಯ್ ಕಂಡಕ್ಟ್ರಮ್ಮ! ಅಲ್ಲೊಂದು ಬಿಟ್ಟೆ ನೋಡು. ಅದೇ, ಆ ತಗ್ಗು. ಬಿಚ್ಚು, ಬಿಚ್ಚು."

"ಬಿಟ್ಟಿದ್ದೇ."

"ಬಿಟ್ಟಿದ್ದೇ ಅಂದ್ರೆ?"

ತಂಗಿ ಏರನ್ನು ದಾಟಿ ಮುಂದಿನ ತಗ್ಗಿಗೆ ಹೋದಳು. ಮೂರು ಕುಣಿಕೆಗಳನ್ನು ಒಟ್ಟಿಗೆ ಹಿಡಿದು ಒಂದು ಮಾಡಿದಳು.

ಸೋಡಾಬುಡ್ಡಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದಳು. ಅವಳ ಬೆರಳು ಆ ತಗ್ಗನ್ನು ಹಿಡಿದು ಕೆಳಕ್ಕೆ ಇಳಿಯಿತು. ಅಕ್ಕನ ಎದೆಯ ಮೇಲಿಂದ, ಮಡಚಿಟ್ಟ ಕೈಗಳ ಮೇಲಿಂದ, ಪಟ್ಟೆಯಿಂದ ಪಟ್ಟೆಗೆ, ಹೊಟ್ಟೆಯ ಬಳಿ ತಂಗಿಯ ಹಳದಿಗೆ ಬಂದು ನಿಂತಿತು. ಅಲ್ಲಿ ಎರಡು ಸಲ ತಿಕ್ಕಿ ನೋಡಿದಳು.

"ಇದು ಅವಳ ಕೈ ಅಲ್ಲ."

"ಅಲ್ಲ."

"ಇದರ ಮೇಲಿಂದೆಲ್ಲ ಅವಳ ಕೈ."

"ಹೂಂ."

"ಬಿಚ್ಲೇ ಇಲ್ವಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಸೋಡಾಬುಡ್ಡಿ ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಹಿಂದಕ್ಕೆ ಒರಗಿ, ಕಿಟಕಿಯಾಚೆ ನೋಡುತ್ತ, "ನಮ್ಮದಾಗಿದ್ರೆ ಬಿಡ್ತಿದ್ಲಾ, ರಾಕ್ಷಸಿ," ಎಂದು ಮೂಗು ಸೀಟಿಕೊಂಡಳು.

ಗಾಡಿ ತಿರುವಿನಲ್ಲಿ ವಾಲಿತು. ನೀಲಿ ಉಂಡೆ ತಂಗಿಯ ಪಕ್ಕದಿಂದ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ತಿರುವಿಗೆ ಭಾವನ ಕಾಲ ಬಳಿ ಉರುಳಿತು, ಮತ್ತೊಂದಕ್ಕೆ ಮಗಳ ಕಾಲ ಬಳಿ, ಅಲ್ಲಿಂದ ಬೆಂಚಿನ ಅಡಿಗೆ ಹೋಗಿ ಹಿಂಬಾಗಿಲಿನತ್ತ ಓಡಿತು. ಯಾರೂ ಅದನ್ನು ಹಿಡಿಯಲು ಬಗ್ಗಲಿಲ್ಲ. ಸಾಲು ಮುಗಿದು ತಂಗಿ ಅಂಚು ಮುಚ್ಚತೊಡಗಿದ್ದಳು, ಒಂದು ಕುಣಿಕೆಯನ್ನು ಇನ್ನೊಂದರ ಮೇಲಿಂದ ದಾಟಿಸುತ್ತ.

ಗಾಡಿ ನಿಂತಿತು. ಚಾಲಕ ಇಳಿದು ಬಂದು ಹಿಂಬಾಗಿಲು ತೆರೆದ. "ಬಂತು. ಇಳೀರಿ ಎಲ್ರೂ."

ತಂಗಿ ತಲೆಯೆತ್ತಲಿಲ್ಲ. "ಇರಪ್ಪಾ," ಎಂದಳು. "ನಾನು ಕೊನೇಲಿ ಇಳೀತೀನಿ."

ಸೋಡಾಬುಡ್ಡಿ ಎದ್ದಳು, ಮಗಳು ಎದ್ದಳು. ಬಾಗಿಲ ಬಳಿ ನೀಲಿ ಎಳೆ ಒಂದು ಬೆಂಚಿನ ಕಾಲಿನಿಂದ ಇನ್ನೊಂದು ಬೆಂಚಿನ ಕಾಲಿಗೆ, ನೆಲದಿಂದ ಗೇಣು ಎತ್ತರದಲ್ಲಿ ಬಿಗಿಯಾಗಿ ನಿಂತಿತ್ತು. ಇಬ್ಬರೂ ಸೀರೆಯ ನೆರಿಗೆ ಎತ್ತಿ ಹಿಡಿದು, ಒಬ್ಬರ ಹಿಂದೆ ಒಬ್ಬರು ಅದನ್ನು ದಾಟಿದರು. ಭಾವ ಜೇಬಿನಿಂದ ಅಕ್ಕನ ಕನ್ನಡಕ ತೆಗೆದು ಕಣ್ಣಿಗಿಟ್ಟುಕೊಂಡು, ಎಳೆ ಎಲ್ಲಿದೆಯೆಂದು ಬಗ್ಗಿ ನೋಡಿ, ಬಾಗಿಲ ಕಂಬಿ ಹಿಡಿದು, ಬೇಕಾದುದಕ್ಕಿಂತ ತುಂಬ ಮೇಲೆ ಕಾಲೆತ್ತಿದರು.